ಮಾಯಾ ಅವಶೇಷಗಳ ಹಳೆಯ ಚಿತ್ರಗಳು: ವಾಲ್ಡೆಕ್, ಕ್ಯಾಥರ್‌ವುಡ್, ಮಾಡ್ಸ್ಲೇ – ಯಾರನ್ನು ಎಷ್ಟು ನಂಬಬಹುದು?

ಪ್ರಶ್ನೆ – ಸಮಾಜವಿಜ್ಞಾನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜವಿಜ್ಞಾನ ಬೋಧಿಸುತ್ತೇನೆ. ನಮ್ಮ ತಾಲೂಕಿನ ಇತಿಹಾಸಾಸಕ್ತರ ಬಳಗ ಹೊರತರುವ ಮಾಸಪತ್ರಿಕೆಗೆ ಮಧ್ಯ ಅಮೆರಿಕದ ಮಾಯಾ ನಗರಗಳನ್ನು ಕುರಿತ ಸಚಿತ್ರ ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂದಿನ ಬಣ್ಣದ ಛಾಯಾಚಿತ್ರಗಳಿಗಿಂತ, ಕಾಡಿನೊಳಗೆ ಈ ನಗರಗಳನ್ನು ಮೊದಮೊದಲು ಕಂಡವರು ಬರೆದ ಚಿತ್ರಗಳನ್ನೇ ಹಾಕಬೇಕೆಂಬುದು ನನ್ನ ಆಸೆ.

ಚಿತ್ರಗಳನ್ನು ಕಲೆಹಾಕುವಾಗ ಒಂದು ತೊಡಕು ಎದುರಾಗಿದೆ. ಮೆಕ್ಸಿಕೊದ ಚಿಯಾಪಾಸ್ ಪ್ರಾಂತ್ಯದಲ್ಲಿರುವ ಪಲೆಂಕೆ ಎಂಬ ಒಂದೇ ಸ್ಥಳದ ಶಿಲ್ಪಗಳನ್ನು ತೋರಿಸುವ ನಾಲ್ಕು ಬಗೆಯ ಚಿತ್ರಗಳು ನನಗೆ ದೊರೆತಿವೆ. ಮೊದಲನೆಯವು 1822ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು; ಎರಡನೆಯವು ವಾಲ್ಡೆಕ್ ಎಂಬ ಕಲಾವಿದ 1830ರ ದಶಕದಲ್ಲಿ ಅಲ್ಲಿಯೇ ತಂಗಿ ಬರೆದವು; ಮೂರನೆಯವು 1840ರಲ್ಲಿ ಕ್ಯಾಥರ್‌ವುಡ್ ಬರೆದವು; ನಾಲ್ಕನೆಯವು 1890ರ ಹೊತ್ತಿಗೆ ಮಾಡ್ಸ್ಲೇ ತೆಗೆದ ಛಾಯಾಚಿತ್ರಗಳು. ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ಶಿಲ್ಪದ ಮುಖ, ಮೈಕಟ್ಟು, ಅಕ್ಷರಗಳು ಮೂರು ನಾಲ್ಕು ರೀತಿಯಲ್ಲಿ ಕಾಣುತ್ತವೆ. ಅದರಲ್ಲೂ ವಾಲ್ಡೆಕ್‌ನ ಚಿತ್ರಗಳಲ್ಲಿ ಬರಹದ ಚೌಕಗಳ ನಡುವೆ ಸ್ಪಷ್ಟವಾಗಿ ಆನೆಯ ತಲೆಗಳಿವೆ. ಇದನ್ನು ಕಂಡ ಬಳಗದ ಸದಸ್ಯರೊಬ್ಬರು, ಭಾರತದಿಂದ ಜನರು ಅಲ್ಲಿಗೆ ಹೋಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ, ಮುಖಪುಟಕ್ಕೆ ಇದನ್ನೇ ಹಾಕಿ ಎಂದು ಒತ್ತಾಯಿಸುತ್ತಿದ್ದಾರೆ.

ಚಿತ್ರ ಎಷ್ಟೇ ಸುಂದರವಾಗಿದ್ದರೂ ಮಕ್ಕಳು ಓದುವ ಪತ್ರಿಕೆಯಲ್ಲಿ ಅರಿಯದೆ ಸುಳ್ಳನ್ನು ಅಚ್ಚುಹಾಕಲು ನನಗೆ ಮನಸ್ಸಿಲ್ಲ. ಈ ಆರಂಭಕಾಲದ ಅನ್ವೇಷಕರು ನಿಜವಾಗಿ ಹೇಗೆ ಕೆಲಸ ಮಾಡಿದರು, ಯಾರ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಕಾಡುದಾರಿ

ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗಿದೆ. ಆನೆಯ ಚಿತ್ರವನ್ನು ಮುಖಪುಟಕ್ಕೆ ಹಾಕಬೇಡಿ. ಕಾರಣ ತಿಳಿಯಬೇಕಾದರೆ ಕ್ಯಾಥರ್‌ವುಡ್ ಮತ್ತು ವಾಲ್ಡೆಕ್ ಇಬ್ಬರೂ ಕಲ್ಲಿನ ಮುಂದೆ ಹೇಗೆ ನಿಂತರೆಂಬುದನ್ನು ನೋಡಬೇಕಾಗುತ್ತದೆ.

ನ್ಯೂಯಾರ್ಕಿನ ವಕೀಲ ಹಾಗೂ ಪ್ರವಾಸ ಲೇಖಕ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಇಂಗ್ಲೆಂಡಿನ ವಾಸ್ತುಶಿಲ್ಪಿ, ಚಿತ್ರಕಾರ ಫ್ರೆಡರಿಕ್ ಕ್ಯಾಥರ್‌ವುಡ್ 1839ರ ಅಕ್ಟೋಬರಿನಲ್ಲಿ ಹಡಗೇರಿ ಬೆಲೀಜಿಗೆ ಬಂದಿಳಿದರು. ಮಧ್ಯ ಅಮೆರಿಕದ ಒಕ್ಕೂಟ ಒಳಯುದ್ಧದಲ್ಲಿ ಒಡೆದುಹೋಗುತ್ತಿದ್ದ ಕಾಲವದು. ಅಧ್ಯಕ್ಷ ವಾನ್ ಬ್ಯೂರೆನ್ ಅವರು ಸ್ಟೀಫನ್ಸ್‌ಗೆ ರಾಜತಾಂತ್ರಿಕ ಪ್ರತಿನಿಧಿಯ ಹುದ್ದೆ ಕೊಟ್ಟು ಕಳುಹಿಸಿದ್ದರು. ಆದರೆ ದೌತ್ಯ ನಡೆಸಬೇಕಾದ ಸರ್ಕಾರ ಎಲ್ಲಿದೆಯೆಂದು ಹುಡುಕುವುದೇ ಅವರಿಗೆ ಒಂದು ಕೆಲಸವಾಯಿತು. ಅದೇ ನವೆಂಬರಿನಲ್ಲಿ ಇಬ್ಬರೂ ಇಂದಿನ ಹೊಂಡುರಾಸ್‌ನಲ್ಲಿರುವ ಕೋಪಾನ್ ತಲುಪಿದರು. ಹೊಳೆಯ ದಂಡೆಯ ಎತ್ತರದ ಗೋಡೆ, ಮರಗಳ ಬೇರು ಹಬ್ಬಿದ ಮೆಟ್ಟಿಲುಗಳು, ಅವುಗಳ ನಡುವೆ ಮೈತುಂಬ ಕೆತ್ತನೆ ಹೊತ್ತ ಆಳೆತ್ತರವನ್ನು ಮೀರಿದ ನಿಲುಗಲ್ಲುಗಳು ಅವರಿಗೆ ಕಂಡವು.

ಕ್ಯಾಥರ್‌ವುಡ್ ಅನನುಭವಿಯೇನಲ್ಲ. ಅದಕ್ಕೂ ಮೊದಲು ಅವರು ಈಜಿಪ್ಟಿನ ದೇವಾಲಯಗಳನ್ನು ಅಳೆದು ಬರೆದವರು, 1833ರಲ್ಲಿ ಜೆರುಸಲೇಮಿನ ಶಿಲಾಗುಮ್ಮಟದ (ಡೋಮ್ ಆಫ್ ದಿ ರಾಕ್) ಒಳಭಾಗವನ್ನು ಚಿತ್ರಿಸಿದವರು. ಅಂಥ ಪಳಗಿದ ಕೈ ಕೋಪಾನ್‌ನ ನಿಲುಗಲ್ಲಿನ ಮುಂದೆ ಮೊದಲ ದಿನ ಸೋತಿತು. ಕೆಸರಿನಲ್ಲಿ ಕಾಲೂರಿ, ಸೊಳ್ಳೆಯ ಕಾಟಕ್ಕೆ ಕೈಗವಸು ತೊಟ್ಟೇ ಪೆನ್ಸಿಲ್ ಹಿಡಿದು ನಿಂತಿದ್ದ ಕ್ಯಾಥರ್‌ವುಡ್, ಹಾಳೆಯ ಮೇಲೆ ಹಾಳೆ ಬರೆದು ಕೈಬಿಡುತ್ತಿದ್ದುದನ್ನು ಸ್ಟೀಫನ್ಸ್ ತಮ್ಮ ಪ್ರವಾಸಕಥನದಲ್ಲಿ ದಾಖಲಿಸಿದ್ದಾರೆ. ಕೆತ್ತನೆ ಅಷ್ಟು ಆಳ, ಅಷ್ಟು ಜಟಿಲ; ಅಲ್ಲದೆ ಕಾಡಿನ ಮಬ್ಬು ಬೆಳಕಿನಲ್ಲಿ ಎಲ್ಲಿ ಮುಖ ಮುಗಿದು ಎಲ್ಲಿ ಗರಿಯ ಕಿರೀಟ ಆರಂಭವಾಗುತ್ತದೆಂಬುದೇ ತಿಳಿಯುತ್ತಿರಲಿಲ್ಲ. ತಾನು ಈವರೆಗೆ ಕಲಿತ ಯಾವ ಶೈಲಿಗೂ ಇದು ಸೇರುವುದಿಲ್ಲವೆಂದು ಅರಿತ ಮೇಲೆ ಅವರು ವಿಧಾನಕ್ಕೆ ಶರಣಾದರು. ಸುತ್ತಲಿನ ಮರಗಳನ್ನು ಕಡಿಸಿ ಬೆಳಕು ಬರಿಸಿದರು. ಹಾಳೆಯನ್ನು ಚೌಕಗಳಾಗಿ ಭಾಗಿಸಿಕೊಂಡರು. ಕ್ಯಾಮೆರಾ ಲೂಸಿಡಾ ಎಂಬ ಉಪಕರಣದ ನೆರವಿನಿಂದ ಆಕೃತಿಯ ಹೊರರೇಖೆಗಳನ್ನು ಪ್ರಮಾಣ ತಪ್ಪದಂತೆ ಇಳಿಸಿಕೊಂಡು, ಆ ಬಳಿಕ ಒಳವಿವರಗಳನ್ನು ತುಂಬಿದರು. ಇದು ಛಾಯಾಚಿತ್ರ ತೆಗೆಯುವ ಕ್ಯಾಮೆರಾ ಅಲ್ಲ. ಕಡ್ಡಿಯೊಂದರ ತುದಿಗೆ ಕೂರಿಸಿದ ಸಣ್ಣ ಗಾಜಿನ ಪಟ್ಟಕ. ಅದರೊಳಗೆ ಕಣ್ಣಿಟ್ಟರೆ ಎದುರಿನ ವಸ್ತು ಹಾಳೆಯ ಮೇಲೆಯೇ ಬಿದ್ದಂತೆ ಕಾಣುತ್ತದೆ, ಪೆನ್ಸಿಲಿನಿಂದ ಅದರ ಅಂಚನ್ನು ಹಿಡಿಯಬೇಕು.

ಇಷ್ಟಕ್ಕೆ ಅವರ ಎಚ್ಚರ ನಿಲ್ಲಲಿಲ್ಲ. ಚಿತ್ರಗಳನ್ನು ಪುಸ್ತಕಕ್ಕಾಗಿ ಮೊದಲು ಮರದ ಅಚ್ಚಿನಲ್ಲಿ ಕೆತ್ತಿಸಿ ನೋಡಿದಾಗ ಸೂಕ್ಷ್ಮ ರೇಖೆಗಳು ಉಳಿಯಲಿಲ್ಲವೆಂದು ಅವನ್ನು ಕೈಬಿಟ್ಟು, ಉಕ್ಕಿನ ಫಲಕಗಳ ಮೇಲೆ ಮತ್ತೆ ಕೆತ್ತಿಸಿದರು. 1841ರಲ್ಲಿ ಎರಡು ಸಂಪುಟಗಳಲ್ಲಿ ಆ ಕಥನ ಹೊರಬಂತು. ಆ ಪುಟಗಳ ಅಕ್ಷರಚೌಕಗಳು ಏನು ಹೇಳುತ್ತವೆಂಬುದು ಆಗ ಭೂಮಿಯ ಮೇಲೆ ಯಾರೊಬ್ಬರಿಗೂ ತಿಳಿದಿರಲಿಲ್ಲ. ಅರ್ಥ ತಿಳಿಯದ ಲಿಪಿಯನ್ನು ಗೆರೆಗೆ ಗೆರೆ ಸೇರಿಸಿ ನಿಷ್ಠೆಯಿಂದ ನಕಲಿಸಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ, ಏಕೆಂದರೆ ಲಿಪಿ ಬಿಡಿಸಿದ ಇಂದಿನ ವಿದ್ವಾಂಸರು ಅವರ ಚಿತ್ರಗಳಲ್ಲಿ ಹಲವು ಅಕ್ಷರಗಳನ್ನು ಗುರುತಿಸಬಲ್ಲರು.

ಈಗ ವಾಲ್ಡೆಕ್ ವಿಷಯಕ್ಕೆ ಬರುತ್ತೇನೆ. ಪರಿಶ್ರಮದಲ್ಲಿ ಆತನೂ ಕಡಿಮೆಯಿಲ್ಲ. 1832ರಿಂದ ತಿಂಗಳುಗಟ್ಟಲೆ ಪಲೆಂಕೆಯ ಅವಶೇಷಗಳ ನಡುವೆಯೇ ವಾಸಿಸಿದವನು. ಅಲ್ಲಿನ ಒಂದು ಗುಡಿಗೆ ಇಂದಿಗೂ 'ಕೌಂಟ್‌ನ ಗುಡಿ' ಎಂದೇ ಹೆಸರಿದೆ, ಏಕೆಂದರೆ ಆತ ತನ್ನನ್ನು ಕೌಂಟ್ ಎಂದು ಕರೆದುಕೊಳ್ಳುತ್ತಿದ್ದ. ಆದರೆ ಆತನ ಕೈ ಯುರೋಪಿನ ಅಂದಿನ ಚಿತ್ರಶಾಲೆಗಳಲ್ಲಿ ತಿದ್ದಿದ ಕೈ. ಸವೆದ ಕಡೆ ತುಂಬುವುದು, ಒಡೆದ ಅಂಗವನ್ನು ಪೂರ್ತಿಗೊಳಿಸುವುದು, ಮೈಕಟ್ಟನ್ನು ಗ್ರೀಕ್ ಶಿಲ್ಪದ ಮಾದರಿಗೆ ಎಳೆಯುವುದು ಆತನಿಗೆ ತಪ್ಪೆಂದು ತೋರಲಿಲ್ಲ. ಈ ನಗರಗಳಿಗೂ ಹಳೆಯ ಜಗತ್ತಿನ ನಾಗರಿಕತೆಗಳಿಗೂ ನಂಟಿದೆಯೆಂಬ ನಂಬಿಕೆಯನ್ನು ಆತ ಮೊದಲೇ ಹೊತ್ತು ಬಂದಿದ್ದ. ಹೀಗಾಗಿ ಸವೆದ ಅಕ್ಷರವೊಂದರಲ್ಲಿ ಉದ್ದನೆಯ ಮೂಗಿನ ದೇವತೆಯ ಮುಖವಿದ್ದರೆ ಆತನಿಗೆ ಅಲ್ಲಿ ಸೊಂಡಿಲು ಕಂಡಿತು, ಕಂಡದ್ದನ್ನು ಬರೆದ. ಅದೇ ಸ್ಥಳದ ಮಾಡ್ಸ್ಲೇ ಛಾಯಾಚಿತ್ರಗಳಲ್ಲಿ ಆನೆಯಿಲ್ಲ. ಕಲಾಕೃತಿಯಾಗಿ ವಾಲ್ಡೆಕ್‌ನನ್ನು ಮೆಚ್ಚಿಕೊಳ್ಳಬಹುದು, ಸಾಕ್ಷಿಯಾಗಿ ಕರೆಯಲಾಗದು.

ಉತ್ತರ – ಶಾಸನದ ಓದುಗ

ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ಮಾಡ್ಸ್ಲೇ ಬಗ್ಗೆ ನಾನು ಕೊಂಚ ಸೇರಿಸುತ್ತೇನೆ, ಏಕೆಂದರೆ ಅವರು ಬಳಸಿದ ಒಂದು ವಿಧಾನ ನಮ್ಮ ನಾಡಿನ ಶಾಸನ ಅಧ್ಯಯನಕ್ಕೂ ಪರಿಚಿತವಾದದ್ದು.

ನಮ್ಮಲ್ಲಿ ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಆ ಕೆಲಸದ ಕ್ರಮ ಗೊತ್ತಿರುತ್ತದೆ. ಮೊದಲು ಕಲ್ಲಿನ ಮೇಲಿನ ಪಾಚಿ, ಮಣ್ಣು, ಎಣ್ಣೆಜಿಡ್ಡನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಗಾಳಿಗುಳ್ಳೆ ಉಳಿಯದಂತೆ ಕಲ್ಲಿಗೆ ಅಂಟಿಸುತ್ತಾರೆ. ಗಟ್ಟಿ ಬಿರುಗೂದಲಿನ ಬ್ರಷ್‌ನಿಂದ ಒಂದೇ ಸಮನೆ ಹೊಡೆಯುತ್ತ ಹೋದಾಗ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಆಮೇಲೆ ಬಟ್ಟೆಯ ಮೆತ್ತೆಯಿಂದ ಮಸಿ ತಟ್ಟಿದರೆ ಕಪ್ಪು ನೆಲದ ಮೇಲೆ ಅಕ್ಷರಗಳು ಬಿಳಿಯಾಗಿ ಎದ್ದು ನಿಲ್ಲುತ್ತವೆ. ಇಲ್ಲಿ ಕಣ್ಣಿನ ಊಹೆಗೆ ಎಡೆ ತೀರ ಕಡಿಮೆ, ಏಕೆಂದರೆ ಕಾಗದ ಕಲ್ಲನ್ನು ಮುಟ್ಟಿ ಬಂದಿರುತ್ತದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮೊದಲ ಸಂಪುಟ ಹೊರಬಂದದ್ದು 1886ರಲ್ಲಿ. ಅದೇ ವರ್ಷಗಳಲ್ಲಿ ಭೂಮಿಯ ಮತ್ತೊಂದು ಕಡೆ ಮಾಡ್ಸ್ಲೇ ಮಾಯಾ ಶಾಸನಗಳ ಮುಂದೆ ಕಾಗದ ಒದ್ದೆ ಮಾಡುತ್ತಿದ್ದರು ಎಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ಆಲ್‌ಫ್ರೆಡ್ ಮಾಡ್ಸ್ಲೇ ಪೆಸಿಫಿಕ್ ದ್ವೀಪಗಳಲ್ಲಿ ಬ್ರಿಟಿಷ್ ವಸಾಹತು ಸೇವೆಯಲ್ಲಿದ್ದು ಅದನ್ನು ಬಿಟ್ಟುಬಂದವರು. 1881ರ ಜನವರಿಯಲ್ಲಿ ಗ್ವಾಟೆಮಾಲಾದ ಕಿರಿಗುವಾ ಎಂಬಲ್ಲಿಗೆ ಹೋದಾಗ ಅವರಿಗೆ ಮೊದಲು ಕಂಡದ್ದು ಬಳ್ಳಿ, ಪಾಚಿ ಮುಚ್ಚಿದ ಬಂಡೆಗಳಷ್ಟೇ. ಬಳ್ಳಿ ಎಳೆದು, ಪಾಚಿ ಕೆರೆದು ನೋಡಿದಾಗ ಕೆಳಗಿನ ಕೆತ್ತನೆ ಎಷ್ಟು ಸೊಗಸಾಗಿತ್ತೆಂದರೆ, ಚಳಿಗಾಲ ಕಳೆಯಲು ಬಂದಿದ್ದ ಆ ಮನುಷ್ಯ ಮುಂದಿನ ಹದಿಮೂರು ಹದಿನಾಲ್ಕು ವರ್ಷ ಅದಕ್ಕೇ ಮರಳಿ ಮರಳಿ ಬಂದರು. ಕಿರಿಗುವಾದ ಅತಿ ಎತ್ತರದ ನಿಲುಗಲ್ಲು ಹತ್ತು ಮೀಟರಿಗೂ ಮಿಕ್ಕ ಒಂದೇ ಕಲ್ಲು. ಅಂಥವುಗಳನ್ನು ಚಿತ್ರದಲ್ಲಿ ಹಿಡಿದರೆ ಸಾಲದು ಎಂದು ಅವರು ಮೂರು ದಾರಿಗಳನ್ನು ಒಟ್ಟಿಗೆ ಹಿಡಿದರು: ದೊಡ್ಡ ಗಾಜಿನ ಫಲಕಗಳ ಮೇಲೆ ಛಾಯಾಚಿತ್ರ, ತೆಳು ಉಬ್ಬುಕೆತ್ತನೆಗಳಿಗೆ ಕಾಗದದ ಅಚ್ಚು, ಆಳವಾದ ಕೆತ್ತನೆಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು. ನಮ್ಮ ಪಡಿಯಚ್ಚಿಗೂ ಅವರ ಕಾಗದದ ಅಚ್ಚಿಗೂ ಒಂದು ವ್ಯತ್ಯಾಸವಿದೆ. ಅವರು ಮಸಿ ಹಚ್ಚುತ್ತಿರಲಿಲ್ಲ. ಒಂದರ ಮೇಲೊಂದು ಪದರವಾಗಿ ಕಾಗದವನ್ನು ಬಡಿದು ದಪ್ಪ ಮಾಡಿ, ಒಣಗಿದ ಮೇಲೆ ಗಟ್ಟಿ ಚಿಪ್ಪಿನಂತೆ ಬಿಡಿಸಿ, ಇಂಗ್ಲೆಂಡಿನಲ್ಲಿ ಅದರೊಳಗೆ ಪ್ಲಾಸ್ಟರ್ ಸುರಿದು ಕಲ್ಲಿನ ಪ್ರತಿರೂಪ ಪಡೆಯುತ್ತಿದ್ದರು.

ಪ್ಲಾಸ್ಟರ್ ಅಚ್ಚಿನ ಕೆಲಸ ಇದಕ್ಕಿಂತ ಬಹಳ ಕಷ್ಟದ್ದು. ಲಂಡನ್ನಿನಿಂದ ಲೊರೆಂಜೊ ಜುಂತೀನಿ ಎಂಬ ನುರಿತ ಅಚ್ಚುಗಾರನನ್ನು ಅವರು ಕರೆತಂದರು. ಟನ್ನುಗಟ್ಟಲೆ ಪ್ಲಾಸ್ಟರ್ ಹಡಗಿನಲ್ಲಿ ಬಂದು, ಅಲ್ಲಿಂದ ಹೇಸರಗತ್ತೆಗಳ ಮತ್ತು ಕೂಲಿಕಾರರ ಬೆನ್ನಿನ ಮೇಲೆ ಮಳೆಗಾಡಿನೊಳಗೆ ಸಾಗಬೇಕಿತ್ತು. ಕಿರಿಗುವಾದಲ್ಲಿ 'ದೊಡ್ಡ ಆಮೆ' ಎಂದು ಅವರು ಕರೆದ ಭಾರಿ ಬಂಡೆಶಿಲ್ಪದ ಅಚ್ಚನ್ನು ನೂರಾರು ತುಂಡುಗಳಾಗಿ ತೆಗೆಯಬೇಕಾಯಿತು, ಏಕೆಂದರೆ ಒಳಸೇರಿದ ಕೆತ್ತನೆಯಿಂದ ಪ್ಲಾಸ್ಟರನ್ನು ಒಂದೇ ತುಂಡಾಗಿ ಕಲ್ಲು ಮುಕ್ಕಾಗದಂತೆ ಬಿಡಿಸಲು ಬರುವುದಿಲ್ಲ. ಗ್ವಾಟೆಮಾಲಾದವರೇ ಆದ ಗೊರ್ಗೊನಿಯೊ ಲೋಪೆಸ್ ಮತ್ತು ಅವರ ಸಹೋದರರು ಈ ವಿದ್ಯೆಯನ್ನು ಕಲಿತು, ಎಷ್ಟೋ ಕಾಗದದ ಅಚ್ಚುಗಳನ್ನು ಸ್ವತಂತ್ರವಾಗಿ ತೆಗೆದರು. ಲಂಡನ್ನಿನಲ್ಲಿ ಆ್ಯನಿ ಹಂಟರ್ ಎಂಬ ಕಲಾವಿದೆ ಅಚ್ಚು ಮತ್ತು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಶಾಸನಗಳ ರೇಖಾಚಿತ್ರಗಳನ್ನು ಬರೆದರು. ಒಂದೇ ಕಲ್ಲಿಗೆ ಛಾಯಾಚಿತ್ರವೂ ರೇಖಾಚಿತ್ರವೂ ಸಾಧ್ಯವಾದಷ್ಟು ಮಟ್ಟಿಗೆ ಎದುರುಬದುರಾಗಿ ದೊರೆಯುವಂತೆ 1889ರಿಂದ 1902ರವರೆಗೆ ಮಾಡ್ಸ್ಲೇ ಅವರ ಸಂಪುಟಗಳು ಬಂದವು. ಓದುಗನಿಗೆ ಪರೀಕ್ಷಿಸುವ ಅವಕಾಶವನ್ನು ಕೊಟ್ಟದ್ದೇ ಮಾಡ್ಸ್ಲೇ ಅವರ ಹಿರಿಮೆಯೆಂದು ನಾನು ತಿಳಿದಿದ್ದೇನೆ. ಕ್ಯಾಥರ್‌ವುಡ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅಂದಿನ ಓದುಗ ಅವರ ಮಾತನ್ನು ನಂಬಬೇಕಿತ್ತು. ಇಲ್ಲಿ ರೇಖೆ ಅನುಮಾನ ತಂದರೆ ಪಕ್ಕದ ಛಾಯಾಚಿತ್ರವನ್ನು ನೋಡಬಹುದು, ಅದೂ ಸಾಲದಿದ್ದರೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಚ್ಚನ್ನು ನೋಡಬಹುದು. ಮೂಲದಲ್ಲಿ ಮಳೆಗಾಳಿಗೆ ಸವೆದುಹೋದ ವಿವರಗಳು ಕೆಲವು ಅಚ್ಚುಗಳಲ್ಲಿ ಮಾತ್ರ ಉಳಿದಿವೆ.

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಯಶ್ಚಿಲಾನ್ ನಗರದ ಬಾಗಿಲುಗಳ ಮೇಲಿದ್ದ ಕೆತ್ತನೆಯ ಲಿಂಟಲ್ ಕಲ್ಲುಗಳಲ್ಲಿ ಕೆಲವನ್ನು ಮಾಡ್ಸ್ಲೇ ಇಂಗ್ಲೆಂಡಿಗೆ ಸಾಗಿಸಿದರು. ಭಾರ ಇಳಿಸಲು ಕಲ್ಲಿನ ಹಿಂಬದಿಯನ್ನು ಕಡಿದು ತೆಳು ಮಾಡಲಾಯಿತು. ಅವು ಇಂದಿಗೂ ಲಂಡನ್ನಿನಲ್ಲಿವೆ.

ಮರುಪ್ರಶ್ನೆ – ಸಮಾಜವಿಜ್ಞಾನದ ಮೇಷ್ಟ್ರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಲೆಂಕೆಯ ಆನೆಯ ವಿಷಯ ನನಗೆ ಮನದಟ್ಟಾಯಿತು. ಆದರೆ ನಮ್ಮ ಬಳಗದ ಸದಸ್ಯರು ಈಗ ಕೋಪಾನ್‌ನ 'ಸ್ಟೀಲಾ ಬಿ' ಎಂಬ ನಿಲುಗಲ್ಲಿನ ಚಿತ್ರವನ್ನು ಮುಂದಿಟ್ಟಿದ್ದಾರೆ. ಅದರ ಮೇಲ್ತುದಿಯ ಎರಡು ಮೂಲೆಗಳಲ್ಲಿ ಸೊಂಡಿಲಿನಂತೆ ಬಾಗಿದ ಆಕೃತಿಗಳಿವೆ, ಅವುಗಳ ಮೇಲೆ ಮಾವುತನಂತೆ ಪುಟ್ಟ ಮನುಷ್ಯಾಕೃತಿಯೂ ಇದೆ. ಇದು ವಾಲ್ಡೆಕ್‌ನ ಕಲ್ಪನೆಯಲ್ಲ, ಕಲ್ಲಿನಲ್ಲಿಯೇ ಇದೆ. ನೀವು ನಂಬುವ ಸ್ಟೀಫನ್ಸ್ ಅವರೇ ಸೊಂಡಿಲು ಎಂದು ಬರೆದಿದ್ದಾರೆ ಎಂಬುದು ಅವರ ವಾದ. ಇದಕ್ಕೆ ಏನೆಂದು ಉತ್ತರಿಸಲಿ?

ಉತ್ತರ – ಹಳೆಯ ನಕ್ಷೆ

ನಿಮ್ಮ ಸ್ನೇಹಿತರು ಹೇಳುವುದರಲ್ಲಿ ಒಂದು ಭಾಗ ನಿಜ. ಕೋಪಾನ್‌ನ ಒಂದು ನಿಲುಗಲ್ಲಿನ ಮೇಲಿನ ಅಲಂಕರಣಗಳು ಆನೆಯ ಸೊಂಡಿಲಿನಂತೆ ತೋರುತ್ತವೆ ಎಂದು ಸ್ಟೀಫನ್ಸ್ ಬರೆದದ್ದು ಹೌದು. ಆದರೆ ಅದೇ ಉಸಿರಿನಲ್ಲಿ, ಆ ಪ್ರಾಣಿ ಆ ನಾಡಿನಲ್ಲಿ ಗೊತ್ತೇ ಇಲ್ಲವೆಂದೂ ಬರೆದರು. ಹೋಲಿಕೆ ಕಂಡರೂ ಅದನ್ನು ನಿರ್ಣಯವಾಗಿಸಲಿಲ್ಲ. ಆ ಹೋಲಿಕೆಯನ್ನು ನಿರ್ಣಯಕ್ಕೆ ಒಯ್ದವರು 1915ರ ನಂತರ ಬರೆದ ಗ್ರ್ಯಾಫ್ಟನ್ ಎಲಿಯಟ್ ಸ್ಮಿತ್. ಅಂಗರಚನಾ ಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ್ದ ಅವರು, ಇವು ಭಾರತದ ಆನೆಗಳೇ, ಮೇಲೆ ಕುಳಿತವನು ಮಾವುತನೇ ಎಂದು ವಾದಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಮಾಯಾ ಶಿಲ್ಪವನ್ನು ಬಲ್ಲವರು ಆಗಲೇ ಇದನ್ನು ಅಲ್ಲಗಳೆದು, ಇವು ಮಕಾವ್ ಗಿಳಿಯ ತಲೆಗಳು, ಸೊಂಡಿಲೆಂದು ತೋರುವುದು ಗಿಳಿಯ ಬಾಗಿದ ಮೇಲ್ಗೊಕ್ಕು ಎಂದು ಉತ್ತರಿಸಿದರು.

ಈ ವಾದವನ್ನು ತೀರ್ಮಾನಿಸಲು ನೆರವಾದದ್ದು ಮಾಡ್ಸ್ಲೇ ಅವರ ದಾಖಲೆಯೇ. ಮೊದಲನೆಯದಾಗಿ, ಛಾಯಾಚಿತ್ರದಲ್ಲಿ ಆ ಆಕೃತಿಯ ಮೂಗಿನ ಹೊಳ್ಳೆ ಇರುವ ಸ್ಥಳವನ್ನು ನೋಡಿ. ಆನೆಗೆ ಹೊಳ್ಳೆ ಇರುವುದು ಸೊಂಡಿಲ ತುದಿಯಲ್ಲಿ; ಕಲ್ಲಿನಲ್ಲಿ ಅದು ಕೊಕ್ಕಿನ ಬುಡದಲ್ಲಿದೆ, ಅಂದರೆ ಹಕ್ಕಿಗೆ ಇರುವ ಸ್ಥಳದಲ್ಲಿಯೇ. ಎರಡನೆಯದಾಗಿ, ಕೋಪಾನ್‌ನಲ್ಲಿ ಮಕಾವ್ ಅಪರೂಪದ ವಿಷಯವಲ್ಲ. ಅಲ್ಲಿನ ಚೆಂಡಾಟದ ಅಂಗಳದ ಇಳಿಜಾರುಗಳ ಮೇಲೆ ಗುರುತುಗಲ್ಲುಗಳಾಗಿ ಮಕಾವ್ ತಲೆಗಳನ್ನೇ ಕೂರಿಸಿದ್ದಾರೆ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು. ಲಿಪಿಯನ್ನು ಓದಲು ಬಂದ ಮೇಲೆ, ಆ ನಿಲುಗಲ್ಲಿನ ಬರಹದಲ್ಲಿಯೇ 'ಮೋ ವಿಟ್ಸ್' ಎಂಬ ಸ್ಥಳದ ಹೆಸರು ಸಿಕ್ಕಿತು. ಅದು ಮಕಾವ್ ಬೆಟ್ಟ. 731ರಲ್ಲಿ ನಿಲ್ಲಿಸಿದ ಆ ಕಲ್ಲಿನಲ್ಲಿ ಕೋಪಾನ್‌ನ ದೊರೆ ವಶಕ್ಲಾಹೂನ್ ಉಬಾಹ್ ಕವೀಲ್ ಆ ಪುರಾಣದ ಬೆಟ್ಟದ ನಡುವೆ ನಿಂತಿದ್ದಾನೆ. ಹದಿಮೂರು ಶತಮಾನಗಳಷ್ಟು ಹಳೆಯ ಕಥೆಯನ್ನು ಊಹಿಸುವ ಅಗತ್ಯವೇ ಇಲ್ಲ, ಕಲ್ಲು ತನ್ನ ವಿಷಯವನ್ನು ತಾನೇ ಬರೆದುಕೊಂಡಿದೆ. ಅಮೆರಿಕ ಖಂಡದಲ್ಲಿ ಆನೆಯ ಬಳಗದ ಮ್ಯಾಮತ್, ಮಾಸ್ಟೊಡಾನ್‌ಗಳಿದ್ದವು, ನಿಜ. ಆದರೆ ಈ ನಗರಗಳು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಅವು ಅಳಿದುಹೋಗಿದ್ದವು.

ನಿಮ್ಮ ಸ್ನೇಹಿತರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕೋಪಾನ್, ಪಲೆಂಕೆ, ಉಶ್ಮಾಲ್ ಮುಂತಾದುವನ್ನು ನೋಡಿ ಮುಗಿಸಿದ ಮೇಲೆ ಸ್ಟೀಫನ್ಸ್ 1841ರಲ್ಲಿಯೇ ತಮ್ಮ ತೀರ್ಮಾನವನ್ನು ಬರೆದರು. ಇವನ್ನು ಕಟ್ಟಿದವರು ಈಜಿಪ್ಟಿನವರೂ ಅಲ್ಲ, ಭಾರತದವರೂ ಅಲ್ಲ. ಈ ನೆಲದಲ್ಲಿ ಇಂದಿಗೂ ಬಾಳುತ್ತಿರುವ ಜನರ ಪೂರ್ವಜರೇ ಎಂಬುದು ಆ ತೀರ್ಮಾನ. ಬಂದವರೆಲ್ಲರೂ ಹೊರಗಿನ ಕರ್ತೃಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಆ ಮಾತು ಆಡಲು ಧೈರ್ಯ ಬೇಕಿತ್ತು. ಭಾರತದ ಹೆಮ್ಮೆಗಾಗಿ ಇನ್ನೊಂದು ಜನಾಂಗದ ಪೂರ್ವಜರಿಂದ ಅವರ ಕೆಲಸವನ್ನು ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನರು ಇಂದಿಗೂ ಗ್ವಾಟೆಮಾಲಾ, ಮೆಕ್ಸಿಕೊ, ಬೆಲೀಜ್‌ಗಳಲ್ಲಿದ್ದಾರೆ. ನಿಮ್ಮ ಲೇಖನದಲ್ಲಿ ಅವರಿಗೊಂದು ಪ್ಯಾರಾ ಮೀಸಲಿಡಿ.

ಈ ನಗರಗಳ ಇತಿಹಾಸ ಅವುಗಳ ಕಲ್ಲುಗಳ ಮೇಲೆಯೇ ಕೆತ್ತಿದೆಯೆಂದು ತಾನು ನಂಬುತ್ತೇನೆ ಎಂದೂ ಸ್ಟೀಫನ್ಸ್ ಬರೆದಿದ್ದರು. ಆ ನಂತರ ವಿದ್ವಾಂಸರು ಬಹುಕಾಲ ಈ ಬರಹಗಳಲ್ಲಿ ಕಾಲಗಣನೆ ಮತ್ತು ಖಗೋಲವಷ್ಟೇ ಇವೆಯೆಂದು ನಂಬಿದ್ದರು. 1960ರಲ್ಲಿ ತಾತಿಯಾನಾ ಪ್ರೊಸ್ಕೂರಿಯಾಕೋಫ್ ಅವರು ಪಿಯೆದ್ರಾಸ್ ನೆಗ್ರಾಸ್ ನಗರದ ನಿಲುಗಲ್ಲುಗಳ ದಿನಾಂಕಗಳನ್ನು ಜೋಡಿಸಿ ನೋಡಿ, ಅವು ದೊರೆಗಳ ಜನನ, ಪಟ್ಟಾಭಿಷೇಕಗಳ ದಾಖಲೆಗಳೆಂದು ತೋರಿಸಿಕೊಟ್ಟರು. ಆ ನಿಲುಗಲ್ಲುಗಳನ್ನು 1890ರ ದಶಕದಲ್ಲಿಯೇ ಛಾಯಾಚಿತ್ರಗಳಲ್ಲಿ ಹಿಡಿದಿಟ್ಟವರು ತಿಯೊಬೆರ್ತ್ ಮಾಲರ್. ಆ ನಗರದ ಹಲವು ಕಲ್ಲುಗಳನ್ನು 1960ರ ದಶಕದಲ್ಲಿ ಕಳ್ಳರು ಗರಗಸ ಹಾಕಿ ಕೊಯ್ದು ಮಾರಿದರು. ಆ ಕಲ್ಲುಗಳ ಮಟ್ಟಿಗೆ ಮಾಲರ್ ಅವರ ಹಳೆಯ ಫಲಕಗಳ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಉತ್ತರ – ದಕ್ಷಿಣದ ಓದುಗಿತ್ತಿ

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೆ ಮೇಷ್ಟ್ರು ತಮ್ಮ ಪ್ರಶ್ನೆಯಲ್ಲಿ 'ಮೊದಮೊದಲು ಕಂಡವರು' ಎಂದು ಬರೆದಿದ್ದಾರಲ್ಲ, ಆ ಮಾತನ್ನು ಲೇಖನದಲ್ಲಿ ಕೊಂಚ ಎಚ್ಚರದಿಂದ ಬಳಸಬೇಕೆಂದು ನನ್ನ ವಿನಂತಿ. ಸ್ಟೀಫನ್ಸ್ ಬರುವುದಕ್ಕೆ ಇನ್ನೂರ ಅರವತ್ತು ವರ್ಷಕ್ಕೂ ಹಿಂದೆ, 1576ರ ಮಾರ್ಚಿನಲ್ಲಿ, ದಿಯೆಗೊ ಗಾರ್ಸಿಯಾ ದೆ ಪಾಲಾಸಿಯೊ ಎಂಬ ಸ್ಪೇನಿನ ಅಧಿಕಾರಿ ತನ್ನ ದೊರೆ ಎರಡನೆಯ ಫಿಲಿಪ್‌ಗೆ ಬರೆದ ಪತ್ರದಲ್ಲಿ ಕೋಪಾನ್‌ನ ಅವಶೇಷಗಳನ್ನು ವರ್ಣಿಸಿದ್ದಾನೆ. ಇದನ್ನು ಕಟ್ಟಿದವರು ಯಾರೆಂದು ಆತ ಸ್ಥಳೀಯರನ್ನು ಕೇಳಿದಾಗ, ಮೆಕ್ಸಿಕೊದ ಯುಕಟಾನ್ ಕಡೆಯಿಂದ ಬಂದ ದೊಡ್ಡ ದೊರೆಯೊಬ್ಬ ಎಂಬ ಉತ್ತರ ಬಂತು. 1787ರಲ್ಲಿ ಕ್ಯಾಪ್ಟನ್ ಆಂಟೋನಿಯೊ ದೆಲ್ ರಿಯೊ ಸರ್ಕಾರದ ಆಜ್ಞೆಯ ಮೇರೆಗೆ ಪಲೆಂಕೆಗೆ ಹೋಗಿ, ಹತ್ತಾರು ಸ್ಥಳೀಯ ಆಳುಗಳಿಂದ ಕಾಡು ಕಡಿಸಿ, ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ಒಡೆದು ನೋಡಿರುವುದಾಗಿ ತನ್ನ ವರದಿಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆತನ ಜೊತೆಗಿದ್ದ ರಿಕಾರ್ಡೊ ಅಲ್ಮೆಂದಾರಿಸ್ ಬರೆದ ಚಿತ್ರಗಳೇ ಕೈಯಿಂದ ಕೈಗೆ ನಕಲಾಗಿ, 1822ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಚ್ಚಿನ ಫಲಕಗಳನ್ನು ಸಿದ್ಧಪಡಿಸಿದವನು, ಆಗಿನ್ನೂ ಆ ನೆಲವನ್ನು ಕಣ್ಣಿನಿಂದ ಕಾಣದಿದ್ದ ಇದೇ ವಾಲ್ಡೆಕ್. ಮೇಷ್ಟ್ರ ಬಳಿಯಿರುವ ಮೊದಲ ಮತ್ತು ಎರಡನೆಯ ಚಿತ್ರಗಳ ನಡುವೆ ಈ ನಂಟಿದೆಯೆಂಬುದನ್ನು ಓದುಗರಿಗೆ ತಿಳಿಸಿದರೆ ಚೆನ್ನ.

ಇವರೆಲ್ಲರಿಗೂ ದಾರಿ ತೋರಿಸಿದವರು ಆಸುಪಾಸಿನ ಹಳ್ಳಿಗರೇ. ಗ್ವಾಟೆಮಾಲಾದ ಟಿಕಾಲ್‌ಗೆ 1848ರಲ್ಲಿ ಮೊದಲ ಅಧಿಕೃತ ತಂಡ ಕರೆದೊಯ್ದವರು ಆ ಪ್ರಾಂತ್ಯದ ಅಧಿಕಾರಿಗಳಾದ ಮೊದೆಸ್ತೊ ಮೆಂದೆಸ್ ಮತ್ತು ಅಂಬ್ರೋಸಿಯೊ ಟುಟ್. ಅವರೊಂದಿಗೆ ಚಿತ್ರಕಾರ ಎವುಸೆಬಿಯೊ ಲಾರಾ ಇದ್ದರು. ಇಂಗ್ಲಿಷಿನಲ್ಲಿ ಬರೆದವರ ಹೆಸರುಗಳು ಮಾತ್ರ ನಮಗೆ ಸುಲಭವಾಗಿ ಸಿಗುತ್ತವೆಂಬ ಕಾರಣಕ್ಕೆ ಇವರನ್ನು ಬಿಟ್ಟುಬಿಡಬಾರದು.

ಮುಖಪುಟಕ್ಕೆ ಯಾವ ಚಿತ್ರ ಎಂಬುದಕ್ಕೆ ನನ್ನ ಸಲಹೆ: ಕ್ಯಾಥರ್‌ವುಡ್ 1844ರಲ್ಲಿ ಪ್ರಕಟಿಸಿದ ದೊಡ್ಡ ಆಕಾರದ 25 ಕಲ್ಲಚ್ಚಿನ ಚಿತ್ರಗಳಲ್ಲಿ ಒಂದನ್ನು ಹಾಕಿ. ಅವುಗಳಲ್ಲಿ ಕಾಡು, ಮೋಡ, ಬೆಳಕು ಕಲಾವಿದನ ಇಷ್ಟದಂತೆ ಇವೆ, ಕಲ್ಲಿನ ಕೆತ್ತನೆ ಇದ್ದಂತೆ ಇದೆ. ಅಡಿಬರಹದಲ್ಲಿ ಅಷ್ಟನ್ನು ಹೇಳಿದರೆ ಸಾಕು. ಎರಡನೆಯ ಪ್ರವಾಸಕ್ಕೆ ಅವರು ಡಾಗೆರೋಟೈಪ್ ಕ್ಯಾಮೆರಾವನ್ನೂ ಒಯ್ದಿದ್ದರು. ಆದರೆ ಉಶ್ಮಾಲ್‌ನ ಸುಡುಬಿಸಿಲಿನಲ್ಲಿ ಉಬ್ಬಿದ ಭಾಗಗಳೆಲ್ಲ ಬೆಳ್ಳಗೆ, ಒಳಭಾಗಗಳೆಲ್ಲ ಕಪ್ಪಗೆ ಬಂದು ವಿವರ ಸಿಗಲಿಲ್ಲವಾದ್ದರಿಂದ ಕ್ಯಾಥರ್‌ವುಡ್ ಮತ್ತೆ ಪೆನ್ಸಿಲನ್ನೇ ಹಿಡಿದರು. 1842ರ ಜುಲೈ ಕೊನೆಯಲ್ಲಿ ನ್ಯೂಯಾರ್ಕಿನ ಅವರ ಪ್ರದರ್ಶನ ಮಂದಿರಕ್ಕೆ ಬೆಂಕಿ ಬಿದ್ದಾಗ ಅಲ್ಲಿದ್ದ ಎಷ್ಟೋ ಮೂಲಚಿತ್ರಗಳೂ, ಯುಕಟಾನ್‌ನಿಂದ ತಂದ ಕೆತ್ತನೆಯ ಮರದ ತೊಲೆಯೂ ಸುಟ್ಟುಹೋದವು. ಆದ್ದರಿಂದ ಅಚ್ಚಾಗಿ ಉಳಿದ ಪ್ರತಿಗಳೇ ಈಗ ನಮಗಿರುವ ಮುಖ್ಯ ಆಧಾರ.

ಒಳಪುಟಕ್ಕೆ ಪಲೆಂಕೆಯ ಶಿಲುಬೆ ಗುಡಿಯ ಫಲಕದ ಚಿತ್ರಗಳನ್ನು ಕಾಲಕ್ರಮದಲ್ಲಿ ಹಾಕಿ, ಪ್ರತಿಯೊಂದರ ಕೆಳಗೆ ವರ್ಷ, ಬರೆದವರ ಹೆಸರು, ಆಗ ಕಲ್ಲಿನ ಸ್ಥಿತಿ ಏನಿತ್ತು ಎಂಬ ಮೂರು ವಿಷಯಗಳನ್ನು ನಮೂದಿಸಿ. 1840ರಲ್ಲಿ ಕ್ಯಾಥರ್‌ವುಡ್ ಅದನ್ನು ನೋಡಿದಾಗ ಮೂರು ಕಲ್ಲುಗಳಲ್ಲಿ ಎಡಗಡೆಯದು ಮಾತ್ರ ಗುಡಿಯಲ್ಲಿ ಸ್ವಸ್ಥಾನದಲ್ಲಿತ್ತು. ನಡುವಿನದನ್ನು ಯಾರೋ ಕಿತ್ತು ಹೊಳೆಯವರೆಗೆ ಸಾಗಿಸಿ ಅಲ್ಲಿಯೇ ಬಿಟ್ಟಿದ್ದರು. ಬಲಗಡೆಯದು ಒಡೆದು ಚೂರಾಗಿತ್ತು. ಆ ಚೂರುಗಳು 1842ರಲ್ಲಿ ವಾಷಿಂಗ್ಟನ್ನಿಗೆ ಹೋದವು, 20ನೆಯ ಶತಮಾನದ ಆರಂಭದಲ್ಲಿ ಮೆಕ್ಸಿಕೊಗೆ ಮರಳಿ ಬಂದವು. ಮೂರೂ ಕಲ್ಲುಗಳು ಈಗ ಮೆಕ್ಸಿಕೊ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಒಟ್ಟಿಗೆ ಇವೆ. ಬೇಕಾದವರು ಹಳೆಯ ಚಿತ್ರಗಳನ್ನು ಅವುಗಳ ಜೊತೆಗೆ ಹೋಲಿಸಿ ನೋಡಬಹುದು.